ಒಂದೇ ಗಿಡ, ಎರಡು ಗಲ್ಲಾಪೆಟ್ಟಿಗೆ

ಅಮೆರಿಕಾ ದೇಶದ ಕೊಲೊರಾಡೊ ರಾಜ್ಯದಲ್ಲಿ ಒಂದು ಅಂಗಡಿ ಇದೆಯೆಂದು ಭಾವಿಸಿಕೊಳ್ಳಿ. ಒಳಗೆ ಎರಡು ಗಲ್ಲಾಪೆಟ್ಟಿಗೆ. ಒಂದರ ಮುಂದೆ ಕ್ಯಾನ್ಸರಿನ ಚಿಕಿತ್ಸೆಯಿಂದ ಬಸವಳಿದ, ತಿಂದದ್ದು ಹೊಟ್ಟೆಯಲ್ಲಿ ನಿಲ್ಲದ ಅರವತ್ತು ವರ್ಷದ ಒಬ್ಬ ತಾಯಿ. ಇನ್ನೊಂದರ ಮುಂದೆ ವಾರದ ಬಟವಾಡೆ ಪಡೆದು ಶನಿವಾರದ ಸಂಜೆಯ ಮೋಜಿಗೆಂದು ಬಂದ ಇಪ್ಪತ್ತೈದರ ತರುಣ. ಇಬ್ಬರೂ ಕೇಳುವ ಸರಕು ಒಂದೇ, ಗಾಂಜಾ. ಆ ತಾಯಿ ರೋಗಿಯ ಕಾರ್ಡು ತೋರಿಸಿದರೆ ನೂರು ಡಾಲರಿನ ಮಾಲಿಗೆ ರಾಜ್ಯ ಸರಕಾರದ ಮಾರಾಟ ತೆರಿಗೆ ಎರಡು ಡಾಲರು ತೊಂಬತ್ತು ಸೆಂಟು. ತರುಣನಿಗೆ ಹದಿನೈದು ಡಾಲರು. ಆದರೆ ಕಾರ್ಡು ಮಾಡಿಸುವುದಕ್ಕೆ ಆಕೆಯ ಬಳಿ ಹಣವಿಲ್ಲದಿದ್ದರೆ? ಆಗ ಆಕೆಯೂ ಮೋಜಿನ ಸಾಲಿನಲ್ಲಿಯೇ ನಿಂತು ಹದಿನೈದು ಡಾಲರು ಎಣಿಸಬೇಕು. ರೋಗ ಅದೇ, ಸಂಕಟ ಅದೇ. ಕಾರ್ಡು ಮಾತ್ರ ಇಲ್ಲ.

ಇದು ದೂರದ ದೇಶದ ಕಥೆ, ಗಿರಣಿಯ ಗೆಳೆಯರಿಗೂ ಪೇಟೆಯ ಸಣ್ಣ ವರ್ತಕರಿಗೂ ಇದರಿಂದ ಆಗಬೇಕಾದ್ದೇನು ಎಂದು ವಾಚಕರು ಕೇಳಬಹುದು. ಕೇಳತಕ್ಕ ಮಾತೇ. ಗಾಂಜಾ ಸೇದುವುದನ್ನು ಹೊಗಳುವುದಕ್ಕಾಗಲಿ, ಯಾರಿಗಾದರೂ ಕಲಿಸುವುದಕ್ಕಾಗಲಿ ನಾವು ಈ ವಿಷಯವನ್ನು ಎತ್ತಿಕೊಂಡಿಲ್ಲ. ಬಟವಾಡೆಯ ದಿನ ಅಮಲಿಗೆ ಹೋದ ದುಡ್ಡು ಮನೆಯ ಒಲೆಗೆ ಬರುವುದಿಲ್ಲ ಎಂಬುದು ನಮ್ಮ ಹೆಣ್ಣುಮಕ್ಕಳಿಗೆ ನಮಗಿಂತ ಚೆನ್ನಾಗಿ ಗೊತ್ತು. ನಮ್ಮ ಪ್ರಶ್ನೆ ಬೇರೆ. ಒಂದು ವಸ್ತು ಒಬ್ಬನಿಗೆ ಔಷಧಿ, ಮತ್ತೊಬ್ಬನಿಗೆ ಮೋಜು ಆದಾಗ ಸರಕಾರ ನಡುವಿನ ಗೆರೆಯನ್ನು ಎಲ್ಲಿ ಎಳೆಯಬೇಕು? ಆ ಗೆರೆಯ ಖರ್ಚು ಯಾರ ತಲೆಯ ಮೇಲೆ ಬೀಳುತ್ತದೆ? ಈ ಪ್ರಶ್ನೆಗೆ ದೇಶದ ಗಡಿ ಇಲ್ಲ.

ಬಾಗಿಲು ತೆರೆದವರು ಯಾರು?

ಅಮೆರಿಕಾದ ಕೇಂದ್ರ ಸರಕಾರ ೧೯೩೭ರಲ್ಲಿ ಒಂದು ತೆರಿಗೆ ಕಾಯಿದೆಯನ್ನು ತಂದು ಗಾಂಜಾದ ಕತ್ತು ಹಿಸುಕಿತು. ೧೯೭೦ರ ಕಾಯಿದೆ ಅದನ್ನು ಹೆರಾಯಿನ್ ಇರುವ ಮೊದಲನೆಯ ಪಟ್ಟಿಗೆ ಸೇರಿಸಿತು. ಔಷಧಿಯೆಂದು ಒಪ್ಪಿಗೆಯಾದ ಉಪಯೋಗ ಯಾವುದೂ ಇಲ್ಲದ ವಸ್ತುಗಳ ಪಟ್ಟಿ ಅದು. ಕಾಯಿದೆಯ ಏಟು ಎಲ್ಲರಿಗೂ ಸಮನಾಗಿ ಬೀಳಲಿಲ್ಲ. ಅಮೆರಿಕನ್ ಸಿವಿಲ್ ಲಿಬರ್ಟೀಸ್ ಯೂನಿಯನ್ ೨೦೨೦ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ೨೦೧೮ರಲ್ಲಿ ಗಾಂಜಾ ಇಟ್ಟುಕೊಂಡದ್ದಕ್ಕೆ ಕಪ್ಪು ಜನರು ಬಂಧಿತರಾಗುವ ಸಂಭವ ಬಿಳಿಯರಿಗಿಂತ ಮೂರೂವರೆ ಪಟ್ಟಿಗೂ ಹೆಚ್ಚು. ಸೇದುವವರ ಪ್ರಮಾಣ ಮಾತ್ರ ಎರಡು ಕಡೆಯೂ ಹೆಚ್ಚು ಕಡಮೆ ಒಂದೇ.

ಈ ಬಿಗಿಯನ್ನು ಮೊದಲು ಸಡಿಲಿಸಿದವರು ವ್ಯಾಪಾರಿಗಳಲ್ಲ, ರೋಗಿಗಳ ಸೇವಕರು. ೧೯೮೦ರ ದಶಕದಲ್ಲಿ ಏಡ್ಸ್ ರೋಗ ಸಾನ್ ಫ್ರಾನ್ಸಿಸ್ಕೊ ನಗರದಲ್ಲಿ ತರುಣರನ್ನು ಸಾಲುಸಾಲಾಗಿ ಮಲಗಿಸಿತು. ಊಟ ಸೇರದೆ, ವಾಂತಿ ನಿಲ್ಲದೆ ಅವರು ಬಡಕಲಾಗಿ ಸಾಯುತ್ತಿದ್ದರು. ಹೋಟೆಲುಗಳಲ್ಲಿ ದುಡಿದು ಮುದುಕಿಯಾಗಿದ್ದ ಮೇರಿ ರಾಥ್‌ಬನ್ ಎಂಬಾಕೆ ಗಾಂಜಾ ಬೆರೆಸಿದ ಸಿಹಿ ತಿಂಡಿ ಮಾಡಿ ಆಸ್ಪತ್ರೆಯ ರೋಗಿಗಳಿಗೆ ಪುಕ್ಕಟೆಯಾಗಿ ಹಂಚಿದಳು. ಪೊಲೀಸರು ಆಕೆಯನ್ನು ಮೂರು ಸಲ ಹಿಡಿದರು. ಡೆನಿಸ್ ಪೆರಾನ್ ಎಂಬಾತ ರೋಗಿಗಳಿಗಾಗಿ ಕೂಟ ಕಟ್ಟಿದ. ಇಂಥವರ ಪ್ರಯತ್ನದಿಂದಲೇ ೧೯೯೬ರಲ್ಲಿ ಕ್ಯಾಲಿಫೋರ್ನಿಯಾದ ಜನ ಮತ ಕೊಟ್ಟು, ವೈದ್ಯರ ಶಿಫಾರಸಿನ ಮೇಲೆ ರೋಗಿ ಗಾಂಜಾ ಬಳಸಬಹುದೆಂಬ ೨೧೫ನೆಯ ಪ್ರಸ್ತಾವವನ್ನು ಗೆಲ್ಲಿಸಿದರು.

ಬಾಗಿಲು ತೆರೆದದ್ದು ಕರುಣೆ. ಹಿಂದಿನಿಂದ ಒಳಗೆ ನುಗ್ಗಿದ್ದು ಬಂಡವಾಳ. ೨೦೧೨ರಲ್ಲಿ ಕೊಲೊರಾಡೊ, ವಾಷಿಂಗ್ಟನ್ ರಾಜ್ಯಗಳು ಮೋಜಿನ ಬಳಕೆಗೂ ಒಪ್ಪಿಗೆ ಕೊಟ್ಟವು. ಕೊಲೊರಾಡೊದಲ್ಲಿ ೨೦೧೪ರ ಜನವರಿ ೧ರಂದು ಅಂಗಡಿ ತೆರೆಯಿತು. ಕ್ಯಾಲಿಫೋರ್ನಿಯಾ ೨೦೧೬ರಲ್ಲಿ ೬೪ನೆಯ ಪ್ರಸ್ತಾವಕ್ಕೆ ಮತ ಹಾಕಿತು. ಅಲ್ಲಿ ಮಾರಾಟ ೨೦೧೮ರ ಜನವರಿ ೧ರಿಂದ ಶುರುವಾಯಿತು. ಈಗ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ೨೧ ವರ್ಷ ತುಂಬಿದವರು ಮೋಜಿಗೂ ಕೊಳ್ಳಬಹುದು.

ಲೆಕ್ಕ ಬಿಡಿಸೋಣ

ಶಾಲೆಯಲ್ಲಿ ಮಕ್ಕಳಿಗೆ ಶೇಕಡಾ ಲೆಕ್ಕ ಕಲಿಸಿದ ಕೈ ನಮ್ಮದು. ಬನ್ನಿ, ಇದನ್ನೂ ಬಿಡಿಸೋಣ. ಕೊಲೊರಾಡೊದಲ್ಲಿ ರೋಗಿಯ ಕೊಳ್ಳುವಿಕೆಗೆ ರಾಜ್ಯದ ಮಾರಾಟ ತೆರಿಗೆ ಶೇಕಡಾ ೨.೯, ಮೋಜಿನದಕ್ಕೆ ಶೇಕಡಾ ೧೫. ಮೋಜಿನ ಮಾಲಿಗೆ ಸಗಟಿನಲ್ಲಿಯೇ ಇನ್ನೊಂದು ೧೫ರ ಸುಂಕವೂ ಉಂಟು. ಅದು ಬೆಲೆಯೊಳಗೇ ಅಡಗಿ ಬರುತ್ತದೆ. ಊರಿನ ತೆರಿಗೆ ಬೇರೆ. ಇಲಿನಾಯ್ ರಾಜ್ಯದಲ್ಲಿ ರೋಗಿಗೆ ಶೇಕಡಾ ಒಂದು. ಮೋಜಿನವನಿಗೆ ಅಮಲಿನ ತೀಕ್ಷ್ಣತೆ ನೋಡಿ ಹತ್ತು, ಇಪ್ಪತ್ತು, ಇಪ್ಪತ್ತೈದು, ಅದರ ಮೇಲೆ ಸಾಮಾನ್ಯ ಮಾರಾಟ ತೆರಿಗೆ. ವಾಷಿಂಗ್ಟನ್ ರಾಜ್ಯದಲ್ಲಿ ಸುಂಕ ಶೇಕಡಾ ೩೭. ನೋಂದಾಯಿಸಿಕೊಂಡ ರೋಗಿಗೆ, ಆರೋಗ್ಯ ಇಲಾಖೆಯ ಪರೀಕ್ಷೆಗೆ ಒಪ್ಪಿದ ಮಾಲಿನ ಮಟ್ಟಿಗೆ, ಆ ಸುಂಕದಿಂದ ಬಿಡುಗಡೆ ಸಿಕ್ಕಿದ್ದು ೨೦೨೪ರ ಜೂನಿನಲ್ಲಿ.

ಕ್ಯಾಲಿಫೋರ್ನಿಯಾದ ರೀತಿ ಇನ್ನೂ ವಿಚಿತ್ರ. ಅಲ್ಲಿ ವೈದ್ಯರ ಪತ್ರವೊಂದೇ ಇದ್ದರೆ ಮಾರಾಟ ತೆರಿಗೆಯಲ್ಲಿ ಕವಡೆಯಷ್ಟೂ ರಿಯಾಯಿತಿ ಇಲ್ಲ. ಜಿಲ್ಲಾ ಆರೋಗ್ಯ ಇಲಾಖೆಯ ಮೂಲಕ ಸರಕಾರದ ಗುರುತಿನ ಕಾರ್ಡನ್ನು ಬೇರೆಯಾಗಿ ಮಾಡಿಸಬೇಕು. ಅದರ ಶುಲ್ಕ ನೂರು ಡಾಲರು ಮೀರಕೂಡದೆಂದೂ, ಸರಕಾರಿ ವೈದ್ಯಸಹಾಯ ಪಡೆಯುವ ಬಡವರಿಗೆ ಅರ್ಧವೆಂದೂ ಕಾಯಿದೆ ಹೇಳುತ್ತದೆ. ಕಾರ್ಡು ವರ್ಷವರ್ಷವೂ ಹೊಸದಾಗಬೇಕು. ಇಷ್ಟೆಲ್ಲ ಮಾಡಿದರೂ ಬಿಡುಗಡೆ ಸಿಗುವುದು ಮಾರಾಟ ತೆರಿಗೆಯಿಂದ ಮಾತ್ರ. ಗಾಂಜಾದ ಮೇಲಿನ ವಿಶೇಷ ಸುಂಕವನ್ನು ರೋಗಿಯೂ ತೆರಬೇಕು.

ಈಗ ಕೊಳ್ಳುವವನ ದೃಷ್ಟಿಯಿಂದ ನೋಡಿ. ಕೊಲೊರಾಡೊದಲ್ಲಿ ನೂರು ಡಾಲರಿಗೆ ಕಾರ್ಡಿನಿಂದ ಉಳಿಯುವುದು ಹನ್ನೆರಡು ಡಾಲರು ಹತ್ತು ಸೆಂಟು. ವೈದ್ಯರ ಫೀಸು, ಕಾರ್ಡಿನ ಶುಲ್ಕ ಎರಡೂ ಸೇರಿ ನೂರು ಡಾಲರು ಖರ್ಚಾಯಿತೆಂದು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ವರ್ಷಕ್ಕೆ ಎಂಟುನೂರು ಡಾಲರಿಗೂ ಮೇಲ್ಪಟ್ಟು ಔಷಧಿ ಕೊಂಡವನಿಗೆ ಮಾತ್ರ ಅಸಲು ಬರುತ್ತದೆ. ತಿಂಗಳಿಗೆ ನೂರು ಡಾಲರಿನ ಔಷಧಿ ಬೇಕಾಗುವ ದೀರ್ಘರೋಗಿಗೆ ಕಾರ್ಡು ಲಾಭ. ನೋವು ಬಂದಾಗ ಒಮ್ಮೊಮ್ಮೆ ಕೊಳ್ಳುವ ಬಡವನಿಗೆ ಅದು ನಷ್ಟದ ಬಾಬು. ಆತ ಮೋಜುಗಾರರ ತೆರಿಗೆಯನ್ನೇ ಕೊಟ್ಟು ಸುಮ್ಮನಾಗುತ್ತಾನೆ. ಹೀಗೆ ಕಾಯಿದೆ ರೋಗಿಗೆಂದು ಕೊಟ್ಟ ರಿಯಾಯಿತಿ ಮುಂಗಡ ಹಣ ಉಳ್ಳ ರೋಗಿಗೆ ಸಿಕ್ಕುತ್ತದೆ, ಇಲ್ಲದವನಿಗೆ ತಪ್ಪುತ್ತದೆ. ತಿಂಗಳ ಅಕ್ಕಿಯನ್ನು ಒಟ್ಟಿಗೆ ಕೊಳ್ಳಲಾರದೆ ದಿನದಿನ ಪಾವು ಪಾವು ಕೊಳ್ಳುವವನೇ ಹೆಚ್ಚು ಬೆಲೆ ಕೊಡುವುದನ್ನು ನಾವು ನಮ್ಮ ಪೇಟೆಯಲ್ಲಿ ಕಂಡಿಲ್ಲವೇ?

ಯಾವುದನ್ನು ಆರಿಸಬೇಕು?

ಬರಿಯ ದುಡ್ಡಿನ ಲೆಕ್ಕದಿಂದ ಇದು ತೀರುವುದಿಲ್ಲ. ಕಾರ್ಡು ಇದ್ದವನಿಗೆ ೧೮ ವರ್ಷಕ್ಕೇ ಬಾಗಿಲು ತೆರೆಯುತ್ತದೆ. ಪ್ರಮಾಣವೂ ಹೆಚ್ಚು: ಕ್ಯಾಲಿಫೋರ್ನಿಯಾದಲ್ಲಿ ಮೋಜಿನವನಿಗೆ ದಿನಕ್ಕೆ ೨೮.೫ ಗ್ರಾಂ ಹೂವು, ರೋಗಿಗೆ ಎಂಟು ಔನ್ಸ್, ಎಂದರೆ ಇನ್ನೂರು ಗ್ರಾಂ ಮೀರಿ. ಎಲ್ಲಕ್ಕಿಂತ ಮುಖ್ಯವಾಗಿ, ಕಾರ್ಡಿನ ದಾರಿಯಲ್ಲಿ ಒಬ್ಬ ವೈದ್ಯ ಸಿಗುತ್ತಾನೆ. ಆತ ಪ್ರಾಮಾಣಿಕನಾದರೆ ರೋಗಿ ತೆಗೆದುಕೊಳ್ಳುತ್ತಿರುವ ಬೇರೆ ಔಷಧಿ ಯಾವುದು, ಮನೆತನದಲ್ಲಿ ಚಿತ್ತವಿಕಾರ ಉಂಟೇ, ಹೆಂಗಸಾದರೆ ಬಸುರಿಯೇ ಎಂದು ವಿಚಾರಿಸುತ್ತಾನೆ. ಮೋಜಿನ ಗಲ್ಲಾಪೆಟ್ಟಿಗೆಯಲ್ಲಿ ಕೇಳುವುದು ಒಂದೇ: ನಿನಗೆ ೨೧ ತುಂಬಿದೆಯೇ?

ಅಮೆರಿಕಾದ ವಿಜ್ಞಾನ ಅಕಾಡೆಮಿಗಳು ೨೦೧೭ರಲ್ಲಿ ಒಂದು ದೊಡ್ಡ ವರದಿಯನ್ನು ಪ್ರಕಟಿಸಿದವು. ವಯಸ್ಕರ ದೀರ್ಘಕಾಲದ ನೋವು, ಕ್ಯಾನ್ಸರ್ ಚಿಕಿತ್ಸೆಯ ವಾಂತಿ, ಮಲ್ಟಿಪಲ್ ಸ್ಕ್ಲಿರೋಸಿಸ್ ರೋಗದ ಸ್ನಾಯುಸೆಳೆತ, ಈ ಮೂರರಲ್ಲಿ ಗಾಂಜಾದಿಂದ ಅಥವಾ ಅದರ ಸಾರದಿಂದ ಉಪಶಮನವುಂಟೆಂಬುದಕ್ಕೆ ಬಲವಾದ ಆಧಾರವಿದೆ ಎಂದು ಅದು ಹೇಳಿತು. ಚಿತ್ತವಿಕಾರದ ರೋಗಗಳಿಗೂ, ವಾಹನ ಅಪಘಾತಗಳಿಗೂ, ಬಸುರಿಯರು ಸೇದಿದರೆ ಕೂಸಿನ ತೂಕ ಕಡಮೆಯಾಗುವುದಕ್ಕೂ ಸಂಬಂಧವಿದೆ ಎಂದೂ ಅದೇ ವರದಿ ಹೇಳಿತು. ಎರಡು ಮಾತನ್ನೂ ಕೂಡಿಸಿ ಓದಬೇಕು. ವ್ಯಾಪಾರಗಾರ ಮೊದಲನೆಯದನ್ನು ಮಾತ್ರ ಓದುತ್ತಾನೆ.

ಹಾಗೆಂದು ಔಷಧಿಯ ಫಲಕ ಕಂಡೊಡನೆ ನಂಬಬಾರದು. ೨೦೧೮ರಲ್ಲಿ ಪ್ರಕಟವಾದ ಒಂದು ಶೋಧನೆಯಲ್ಲಿ ಸಂಶೋಧಕರು ಬಸುರಿ ಹೆಂಗಸಿನಂತೆ ಕೊಲೊರಾಡೊದ ೪೦೦ ಅಂಗಡಿಗಳಿಗೆ ದೂರವಾಣಿ ಮಾಡಿ, ಬೆಳಗಿನ ವಾಕರಿಕೆಗೆ ಏನಾದರೂ ಕೊಡುವಿರಾ ಎಂದು ಕೇಳಿದರು. ನೂರಕ್ಕೆ ೬೯ ಅಂಗಡಿಗಳು ಗಾಂಜಾವನ್ನು ಶಿಫಾರಸು ಮಾಡಿದವು! ಔಷಧಿಯ ಅಂಗಡಿಗಳೇ ಈ ವಿಷಯದಲ್ಲಿ ಒಂದು ಕೈ ಮುಂದೆ. ಮಾರುವವನು ಮಾರುವವನೇ. ಕಾಯಿಲೆಯ ಮಾತಿಗೆ ವೈದ್ಯರಲ್ಲಿ ಹೋಗಬೇಕು, ತಕ್ಕಡಿ ಹಿಡಿದವನಲ್ಲಿ ಅಲ್ಲ.

ಆದುದರಿಂದ ಆ ದೇಶದ ರೋಗಿ ನಮ್ಮನ್ನು ಕೇಳಿದರೆ ನಮ್ಮ ಉತ್ತರ ಇದು: ರೋಗ ನಿಜವಾದರೆ, ಬಹುಕಾಲದ್ದಾದರೆ, ಕಾರ್ಡು ಮಾಡಿಸು. ರೋಗವೇ ಇಲ್ಲದಿದ್ದರೆ ತೆರಿಗೆ ಉಳಿಸುವುದಕ್ಕಾಗಿ ರೋಗಿಯ ವೇಷ ಹಾಕಬೇಡ. ಸುಳ್ಳು ರೋಗಿ ಹೆಚ್ಚಿದಷ್ಟೂ ನಿಜವಾದ ರೋಗಿಯ ಕಾಗದಕ್ಕೆ ಬೆಲೆ ಕಡಮೆಯಾಗುತ್ತದೆ. ಒಂದು ರಾಜ್ಯದ ಕಾರ್ಡು ಎಲ್ಲ ರಾಜ್ಯಗಳಲ್ಲಿ ನಡೆಯುವುದಿಲ್ಲ. ಮಾಲನ್ನು ರಾಜ್ಯದ ಗಡಿ ದಾಟಿಸಿದರೆ ಕೇಂದ್ರ ಕಾಯಿದೆಯ ಅಪರಾಧ.

ದೇವರು ಕೊಟ್ಟರೂ ಪೂಜಾರಿ ಕೊಡ

ಕಾರ್ಡು ಕೈಗೆ ಬಂತು. ಅಷ್ಟರಿಂದ ಕಾರ್ಮಿಕನಿಗೆ ರಕ್ಷಣೆ ಸಿಕ್ಕಿತೇ? ಕೊಲೊರಾಡೊದಲ್ಲಿ ಒಬ್ಬ ತರುಣ ಹದಿನಾರನೆಯ ವಯಸ್ಸಿನಲ್ಲಿ ಮೋಟಾರು ಅಪಘಾತವಾಗಿ ಕೈಕಾಲುಗಳ ಸ್ವಾಧೀನ ಕಳೆದುಕೊಂಡ. ಗಾಲಿಕುರ್ಚಿಯಲ್ಲಿ ಕುಳಿತೇ ಒಂದು ಟೆಲಿವಿಷನ್ ಕಂಪೆನಿಯಲ್ಲಿ ದೂರವಾಣಿಯ ಕೆಲಸಕ್ಕೆ ಸೇರಿದ. ಸ್ನಾಯುಸೆಳೆತಕ್ಕೆ ರಾತ್ರಿ ಮನೆಯಲ್ಲಿ ಗಾಂಜಾ ಬಳಸುತ್ತಿದ್ದ, ಕಾರ್ಡೂ ಇತ್ತು. ಕೆಲಸದ ವೇಳೆಯಲ್ಲಿ ಅಮಲಿನಲ್ಲಿದ್ದನೆಂದು ಯಾರೂ ಹೇಳಲಿಲ್ಲ. ೨೦೧೦ರಲ್ಲಿ ಕಂಪೆನಿ ನಡೆಸಿದ ಪರೀಕ್ಷೆಯಲ್ಲಿ ಗಾಂಜಾದ ಅಂಶ ಕಂಡಿತು, ಕೆಲಸ ಹೋಯಿತು. ೨೦೧೫ರಲ್ಲಿ ಕೊಲೊರಾಡೊದ ಸರ್ವೋಚ್ಚ ನ್ಯಾಯಾಲಯ ಕಂಪೆನಿಯ ಪಕ್ಷವಾಗಿಯೇ ತೀರ್ಪು ಕೊಟ್ಟಿತು. ರಾಜ್ಯದ ಕಾಯಿದೆ ಒಪ್ಪಿದರೇನು, ಕೇಂದ್ರದ ಕಾಯಿದೆ ಒಪ್ಪುವುದಿಲ್ಲವಲ್ಲ ಎಂಬುದು ಅದರ ವಾದ.

ನೋಡಿದಿರಾ? ತೆರಿಗೆ ಎತ್ತುವಾಗ ಗಾಂಜಾ ಕಾಯಿದೆಬದ್ಧ; ದುಡಿಯುವವನ ಅನ್ನ ಕಸಿಯುವಾಗ ಕಾಯಿದೆಬಾಹಿರ! ಆ ತೀರ್ಪಿನ ಪ್ರಕಾರ ಮೋಜಿನ ಕಟ್ಟೆಯಲ್ಲಿ ಕೊಂಡವನಿಗೂ ಔಷಧಿಯ ಕಟ್ಟೆಯಲ್ಲಿ ಕೊಂಡವನಿಗೂ ಧಣಿಯ ಮೂತ್ರಪರೀಕ್ಷೆಯ ಮುಂದೆ ಭೇದವಿಲ್ಲ. ಲಾರಿ ಓಡಿಸುವವನು ಕೇಂದ್ರ ಸಾರಿಗೆ ಇಲಾಖೆಯ ಪರೀಕ್ಷೆಯಲ್ಲಿ ಕಾರ್ಡು ತೋರಿಸಿ ಪಾರಾಗಲಾರ. ರಸ್ತೆಯ ಮೇಲೆ ಅಮಲು ಕೂಡದೆಂಬುದು ಸರಿ. ಆದರೆ ಮೂತ್ರದಲ್ಲಿ ಕಾಣುವ ಅಂಶ ಇಂದಿನ ಅಮಲಿನ ಸಾಕ್ಷಿಯಲ್ಲ, ಎಷ್ಟೋ ದಿನಗಳ ಹಿಂದಿನ ಬಳಕೆಯ ಗುರುತು. ಇದನ್ನು ತಿಳಿದೇ ಕ್ಯಾಲಿಫೋರ್ನಿಯಾ ೨೦೨೪ರ ಜನವರಿಯಿಂದ, ಅಂಥ ಗುರುತೊಂದನ್ನೇ ಹಿಡಿದು ಕೆಲಸ ತೆಗೆಯಕೂಡದೆಂದು ವಿಧಿಸಿತು. ಆದರೆ ಕಟ್ಟಡ ಕಾರ್ಮಿಕರನ್ನು ಆ ರಕ್ಷಣೆಯಿಂದ ಹೊರಗಿಟ್ಟಿತು.

ಆರೋಗ್ಯವಿಮೆಯ ಕಂಪೆನಿಗಳದೂ ಇದೇ ರಾಗ. ಗಾಂಜಾದ ಸಾರದಿಂದ ಕಾರ್ಖಾನೆಯಲ್ಲಿ ತಯಾರಾಗಿ ೨೦೧೮ರಲ್ಲಿ ಕೇಂದ್ರದ ಒಪ್ಪಿಗೆ ಪಡೆದ ಎಪಿಡಿಯೊಲೆಕ್ಸ್ ಎಂಬ ಫಿಟ್ಸ್ ಔಷಧಿಗೆ ವಿಮೆ ಸಿಗಬಹುದು. ಕಾರ್ಡು ಹಿಡಿದ ರೋಗಿ ಅಂಗಡಿಯಲ್ಲಿ ಕೊಂಡ ಗಿಡಕ್ಕೆ ಸಾಮಾನ್ಯವಾಗಿ ಒಂದು ಸೆಂಟೂ ಸಿಗದು. ಪೂರ್ತಿ ಹಣ ಕೈಯಿಂದಲೇ.

ಸಣ್ಣ ವರ್ತಕನ ಪಾಡು

ಸಣ್ಣ ವ್ಯಾಪಾರಿಗಳೂ ಒಂದು ಮಾತು ಕೇಳಬೇಕು. ಮೊದಲ ಎರಡು ಪಟ್ಟಿಗಳ ವಸ್ತುಗಳನ್ನು ಮಾರುವವನು ವರಮಾನ ತೆರಿಗೆಯ ಲೆಕ್ಕದಲ್ಲಿ ಅಂಗಡಿಯ ಬಾಡಿಗೆ, ಆಳಿನ ಸಂಬಳ ಮೊದಲಾದ ಖರ್ಚುಗಳನ್ನು ಕಳೆಯಕೂಡದೆಂದು ಅಮೆರಿಕಾ ೧೯೮೨ರಲ್ಲಿ ಕಾಯಿದೆ ಮಾಡಿತು. ಕಳ್ಳಸಾಗಣೆಗಾರನಿಗೆಂದು ಮಾಡಿದ ಈ ವಿಧಿ ಲೈಸೆನ್ಸ್ ಪಡೆದ ಅಂಗಡಿಗಾರನ ಕೊರಳಿಗೆ ಬಿತ್ತು. ಸಾಲ ತಂದು ತಡೆದುಕೊಳ್ಳುವ ಶಕ್ತಿ ದೊಡ್ಡ ಕಂಪೆನಿಗೆ ಉಂಟು, ಸಣ್ಣವನಿಗೆ ಇಲ್ಲ. ೨೦೨೪ರ ಮೇ ತಿಂಗಳಲ್ಲಿ ಕೇಂದ್ರ ಸರಕಾರ ಗಾಂಜಾವನ್ನು ಮೂರನೆಯ ಪಟ್ಟಿಗೆ ಇಳಿಸುವ ಸೂಚನೆ ಹೊರಡಿಸಿದಾಗ ವ್ಯಾಪಾರಗಾರರು ಹಿಗ್ಗಿದ್ದು ಈ ಕಾರಣಕ್ಕಾಗಿ.

ಕ್ಯಾಲಿಫೋರ್ನಿಯಾದ ಸಣ್ಣ ಬೆಳೆಗಾರರಿಗೆ ಆದದ್ದನ್ನು ನೋಡಿ. ೨೦೨೩ರ ವರೆಗೆ ದೊಡ್ಡ ತೋಟಗಳಿಗೆ ಲೈಸೆನ್ಸ್ ಕೊಡುವುದಿಲ್ಲ, ಸಣ್ಣವರು ಬೇರೂರಲಿ ಎಂದು ೬೪ನೆಯ ಪ್ರಸ್ತಾವ ಮಾತು ಕೊಟ್ಟಿತ್ತು. ೨೦೧೭ರ ನವೆಂಬರಿನಲ್ಲಿ ಅಧಿಕಾರಿಗಳು ನಿಯಮ ಬರೆದಾಗ ಒಬ್ಬನೇ ಎಷ್ಟು ಸಣ್ಣ ಲೈಸೆನ್ಸುಗಳನ್ನು ಬೇಕಾದರೂ ಪಡೆಯಬಹುದೆಂದು ಬಿಟ್ಟರು. ಹಣವಂತರು ಸಣ್ಣ ಲೈಸೆನ್ಸುಗಳನ್ನು ರಾಶಿ ಹಾಕಿ ದೊಡ್ಡ ತೋಟ ಮಾಡಿಕೊಂಡರು. ಉಳುವವನ ಹೆಸರಿನಲ್ಲಿ ಕಾಯಿದೆ, ಉಳ್ಳವನ ಕೈಯಲ್ಲಿ ಭೂಮಿ. ಈ ಆಟ ನಮಗೆ ಹೊಸದಲ್ಲ.

ದಾನಕ್ಕೂ ಸುಂಕ

ಎಲ್ಲಕ್ಕಿಂತ ಮನಸ್ಸಿಗೆ ನೋವಾದ ಸಂಗತಿ ಬೇರೆಯೇ ಇದೆ. ಸಾಯುವ ರೋಗಿಗಳಿಗೆ ಪುಕ್ಕಟೆ ಹಂಚಿದವರಿಂದ ತಾನೇ ಇದೆಲ್ಲ ಆರಂಭವಾದದ್ದು? ೨೦೧೮ರಲ್ಲಿ ಹೊಸ ತೆರಿಗೆ ಪದ್ಧತಿ ಜಾರಿಗೆ ಬಂದಾಗ ಆ ದಾನದ ಮಾಲಿಗೂ ಮಾರಾಟದ ಮಾಲಿನಂತೆಯೇ ತೆರಿಗೆ ತಗಲಿತು! ಬಡರೋಗಿಗಳಿಗೆ ಹಂಚುತ್ತಿದ್ದ ಕೂಟಗಳು ಹಲವು ಬಾಗಿಲು ಹಾಕಿದವು. ಮೋಜಿನ ಪೇಟೆ ಬೆಳಗಿತು; ಅದಕ್ಕೆ ದಾರಿ ಮಾಡಿಕೊಟ್ಟ ರೋಗಿ ಕತ್ತಲೆಯಲ್ಲಿ ಉಳಿದ. ಜನ ಕೂಗೆಬ್ಬಿಸಿದ ಮೇಲೆ ೨೦೧೯ರ ಅಕ್ಟೋಬರಿನಲ್ಲಿ ಕಾಯಿದೆ ಮಾಡಿ ದಾನದ ಔಷಧಿಗೆ ತೆರಿಗೆ ಬಿಟ್ಟರು. ಆ ಕಾಯಿದೆಗೆ ಡೆನಿಸ್ ಪೆರಾನ್ ಮತ್ತು ಮೇರಿ ರಾಥ್‌ಬನ್ ಇಬ್ಬರ ಹೆಸರನ್ನೇ ಇಟ್ಟಿದ್ದಾರೆ. ಆಗ ಇಬ್ಬರೂ ಬದುಕಿರಲಿಲ್ಲ.

ನಮ್ಮವರಿಗೆ ಒಂದು ಎಚ್ಚರಿಕೆ

ಕ್ಯಾಲಿಫೋರ್ನಿಯಾದಲ್ಲಿ ದುಡಿಯುವ ಕನ್ನಡಿಗರು ಸಾವಿರಾರು ಮಂದಿ. ನಮ್ಮ ವಾಚಕರ ಮಕ್ಕಳು, ಅಳಿಯಂದಿರು ಅವರಲ್ಲಿ ಇದ್ದಾರು. ವೀಸಾದ ಮೇಲೆ ಇರುವವನಿಗೆ ಈ ಎರಡು ಗಲ್ಲಾಪೆಟ್ಟಿಗೆಗಳಲ್ಲಿ ಯಾವುದೂ ಕ್ಷೇಮವಲ್ಲ. ವಲಸೆಯ ವಿಚಾರ ಕೇಂದ್ರ ಕಾಯಿದೆಗೆ ಸೇರಿದ್ದು. ರಾಜ್ಯದ ಕಾಯಿದೆ ಒಪ್ಪಿದ ಬಳಕೆಯಾಗಲಿ, ಗಾಂಜಾ ವ್ಯಾಪಾರದಲ್ಲಿ ನೌಕರಿಯಾಗಲಿ ಪೌರತ್ವದ ಅರ್ಜಿಗೆ ಅಡ್ಡಿಯಾಗಬಹುದೆಂದು ಅಲ್ಲಿನ ವಲಸೆ ಇಲಾಖೆ ೨೦೧೯ರ ಏಪ್ರಿಲಿನಲ್ಲಿಯೇ ಸಾರಿತು. ಪಕ್ಕದ ಮನೆಯ ಬಿಳಿಯ ಕೊಂಡನೆಂದು ನಮ್ಮವನೂ ಕೊಂಡರೆ ಇಬ್ಬರಿಗೂ ಒಂದೇ ಫಲ ಬಾರದು. ಊರಿಗೆ ಫೋನು ಬಂದಾಗ ಹಿರಿಯರು ಈ ಮಾತನ್ನು ಕಿವಿಗೆ ಹಾಕಬೇಕು.

ಇಲ್ಲಿ, ನಮ್ಮ ನಾಡಿನಲ್ಲಿ, ಅಂಥ ಕಾರ್ಡೂ ಇಲ್ಲ, ಅಂಥ ಅಂಗಡಿಯೂ ಇಲ್ಲ. ೧೯೮೫ರ ಮಾದಕವಸ್ತು ಕಾಯಿದೆಯಲ್ಲಿ ಗಿಡದ ಹೂತುದಿ, ಎಂದರೆ ಗಾಂಜಾ, ಹಾಗೂ ಚರಸ್ ನಿಷಿದ್ಧ. ಒಂದು ಕಿಲೋ ಒಳಗಿನ ಗಾಂಜಾಕ್ಕೂ ವರ್ಷದ ವರೆಗೆ ಕಠಿಣ ಸಜೆ, ಹತ್ತು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಹೂವಿಲ್ಲದ ಬರಿಯ ಎಲೆಯನ್ನು ಆ ಕಾಯಿದೆ ಗಾಂಜಾ ಎನ್ನುವುದಿಲ್ಲ. ಭಂಗಿಯ ಎಲೆ ಸೇರಿದ ಆಯುರ್ವೇದದ ಔಷಧಿ ವೈದ್ಯರ ಮೇಲ್ವಿಚಾರಣೆಯಲ್ಲಿ ತೆಗೆದುಕೊಳ್ಳತಕ್ಕದ್ದು. ಅಮೆರಿಕಾದ ಸುದ್ದಿ ಓದಿ ಇಲ್ಲಿ ಧೈರ್ಯ ಮಾಡುವ ಹುಡುಗ ಜೈಲು ಸೇರಿಯಾನು.

ಆದರೆ ಔಷಧಿಗೂ ಅಮಲಿಗೂ ಗೆರೆ ಎಳೆಯುವಲ್ಲಿ ನಾವೂ ಎಡವಿದವರೇ. ಅದೇ ೧೯೮೫ರ ಕಾಯಿದೆಯ ಬಿಗಿಯಿಂದ ಕ್ಯಾನ್ಸರ್ ರೋಗಿಗೆ ಬೇಕಾದ ಮಾರ್ಫೀನ್ ಆಸ್ಪತ್ರೆಗಳಲ್ಲಿಯೇ ಅಪರೂಪವಾಯಿತು. ಒಂದು ಗುಳಿಗೆ ಇಡುವುದಕ್ಕೆ ಹಲವು ಲೈಸೆನ್ಸು. ಸರಕಾರದ ಒಪ್ಪಿಗೆಯಿಂದಲೇ ಅಫೀಮು ಬೆಳೆದು ಹೊರದೇಶಕ್ಕೆ ಕಳಿಸುವ ನಾಡಿನಲ್ಲಿ ನಮ್ಮ ಬಡರೋಗಿ ಹಲ್ಲು ಕಚ್ಚಿ ನರಳಿ ಸತ್ತ. ೨೦೧೪ರಲ್ಲಿ ಕಾಯಿದೆ ತಿದ್ದಿ ಈ ಕಗ್ಗಂಟನ್ನು ಸಡಿಲಿಸಬೇಕಾಯಿತು. ಅಲ್ಲಿಗೆ ಮೂವತ್ತು ವರ್ಷ ಕಳೆಯುತ್ತ ಬಂದಿತ್ತು. ಅಲ್ಲಿ ರೋಗಿಯನ್ನು ಮೋಜುಗಾರನ ಸಾಲಿನಲ್ಲಿ ನಿಲ್ಲಿಸಿ ತೆರಿಗೆ ಎತ್ತಿದರು. ಇಲ್ಲಿ ಕಳ್ಳನ ಸಾಲಿನಲ್ಲಿ ನಿಲ್ಲಿಸಿ ಔಷಧಿಯನ್ನೇ ತಪ್ಪಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದೆಂದರೆ ಇದೇ.

ನಮ್ಮ ಅಭಿಪ್ರಾಯ ಸ್ಪಷ್ಟವಾಗಿದೆ. ಮೋಜಿಗೆ ಸುಂಕ ಹಾಕಲಿ, ಬೇಕಾದಷ್ಟು ಹಾಕಲಿ. ಔಷಧಿಗೆ ಹಾಕಕೂಡದು. ರೋಗಿಯೆಂಬುದಕ್ಕೆ ಸರಕಾರಿ ವೈದ್ಯರ ಒಂದು ಪತ್ರ ಸಾಕಾಗಬೇಕು; ಅದಕ್ಕೆ ಬೇರೆ ಶುಲ್ಕ ಕೂಡದು. ಆ ಪತ್ರಕ್ಕೆ ಅಂಗಡಿಯಲ್ಲಿ ಎಷ್ಟು ಬೆಲೆಯೋ ಕಾರ್ಖಾನೆಯ ಬಾಗಿಲಲ್ಲಿಯೂ ಅಷ್ಟೇ ಬೆಲೆ ಇರಬೇಕು. ಕೆಲಸದ ವೇಳೆಯಲ್ಲಿ ಅಮಲೇರಿದವನನ್ನು ಯಂತ್ರದಿಂದ ದೂರ ನಿಲ್ಲಿಸಲಿ, ಅದು ಜೊತೆಗಾರನ ಕೈಬೆರಳಿನ ಪ್ರಶ್ನೆ; ಆದರೆ ರಾತ್ರಿ ಮನೆಯಲ್ಲಿ ನೋವಿಗೆ ಔಷಧಿ ತೆಗೆದುಕೊಂಡವನ ಅನ್ನವನ್ನು ಕಿತ್ತುಕೊಳ್ಳಬಾರದು. ಯಾವ ಗಲ್ಲಾಪೆಟ್ಟಿಗೆಯ ಮುಂದೆ ನಿಲ್ಲಬೇಕೆಂಬುದನ್ನು ರೋಗ ತೀರ್ಮಾನಿಸಬೇಕೇ ಹೊರತು ಜೇಬು ತೀರ್ಮಾನಿಸಬಾರದು.